ಅತ್ತೆ ಕಿತ್ತ ಹೂವಿನಿಂದ ಶುರುಮಾಡಿ

ಆತ್ಮೀಯರೇ, ನಮಸ್ಕಾರ.

ಅಮೆರಿಕದ ಒಹಾಯೋದ ನಿಮ್ಮ ಹಿತ್ತಲಿನಲ್ಲಿ ಬಿಳಿ ಟ್ರಿಲಿಯಂ ಎಂಬ ಮೂರೆಲೆಯ ಕಾಡುಹೂವನ್ನು ಬೆಳೆಸಿದ ಬಗ್ಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಬೇಡವೆಂದು ಬಿಡಲೂ ಮನಸ್ಸು ಬರುತ್ತಿಲ್ಲ, ಅದಕ್ಕೆ ಕಾರಣ ಆರನೇ ಪುಟದ ಒಂದು ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಪ್ರಕೃತಿಮಾತೆಯ ಮಡಿಲು, ವಸಂತನ ಆಗಮನ, ಮೂರೆಲೆ ಕಂಡ ಕೂಡಲೇ ಬಿಲ್ವಪತ್ರೆ... ಓದುಗರು ಇವನ್ನೆಲ್ಲ ನಿಮಗಿಂತ ಮೊದಲೇ ಊಹಿಸಿರುತ್ತಾರೆ. 'ಯುಗಾದಿಯ ಬೆಳಗ್ಗೆ ಟ್ರಿಲಿಯಂ ಅರಳಿ ನಕ್ಕಿತು' ಎಂದಿದ್ದೀರಿ. ಹಬ್ಬ ಮಾರ್ಚಿನಲ್ಲಿ ಬಂದಿತ್ತು, ಮರುವಾರವೇ ಹಿಮ ಬಿತ್ತೆಂದು ಐದನೇ ಪುಟದಲ್ಲಿ ನೀವೇ ಬರೆದಿದ್ದೀರಿ. ನಿಮ್ಮ ಕಡೆ ಈ ಹೂವು ಕಾಣುವುದು ಏಪ್ರಿಲ್ ನಡುವಿನಿಂದ ಮೇ ತನಕ. ವಾಕ್ಯ ಚೆಂದ ಬಂತೆಂದು ಪಂಚಾಂಗ ತಿದ್ದಬೇಡಿ.

'ಬಿಸಿಲೇ ಬೇಡದ ಗಿಡ' ಅನ್ನುವುದೂ ತಪ್ಪು. ಏಪ್ರಿಲಿನಲ್ಲಿ ನಿಮ್ಮ ಮೇಪಲ್ ಮರ ಇನ್ನೂ ಬೋಳು. ಆಗ ನೆಲಕ್ಕೆ ಬೀಳುವ ಬಿಸಿಲನ್ನು ಉಂಡೇ ಇದು ಹೂ ಬಿಡುವುದು. ಮೇಲೆ ಎಲೆ ತುಂಬಿ ನೆರಳು ದಟ್ಟವಾಗುವ ಹೊತ್ತಿಗೆ ಹೂವು ಬಿಳಿಯಿಂದ ಗುಲಾಬಿಗೆ ತಿರುಗಿರುತ್ತದೆ, ಬೇಸಿಗೆ ಕಳೆಯುವಷ್ಟರಲ್ಲಿ ಗಿಡವೇ ಮಣ್ಣಿನೊಳಗೆ ಮಲಗಿರುತ್ತದೆ. ನಿಮ್ಮ ಮಾತು ನಂಬಿ ಯಾರಾದರೂ ವರ್ಷವಿಡೀ ಕತ್ತಲಿರುವ ಮೂಲೆಯಲ್ಲಿ ನೆಟ್ಟರೆ ಬೈಗುಳ ನನಗೆ ಬರುತ್ತದೆ.

ಬೀಜ ಹಾಕಿದರೆ ಮರುವರ್ಷ ಹೂವು ಅಂತಲೂ ಇದೆ. ಬೀಜ ಎರಡು ಚಳಿಗಾಲ ಕಂಡ ಮೇಲಷ್ಟೇ ಮಣ್ಣಿನಿಂದ ತಲೆಯೆತ್ತುತ್ತದೆ. ಹೂವಿಗೆ ಏಳು ವರ್ಷ, ಕೆಲವೊಮ್ಮೆ ಹತ್ತು. ನರ್ಸರಿಯಲ್ಲಿ ಬೆಳೆಸಿದ ಗಿಡ ದುಬಾರಿಯಾಗುವುದು ಅದಕ್ಕೇ. 'ತುಂಬ ಅಗ್ಗಕ್ಕೆ ಸಿಕ್ಕಿತು' ಎಂದು ಹೆಮ್ಮೆಪಟ್ಟಿದ್ದೀರಲ್ಲ, ಆ ಗೆಡ್ಡೆಗಳನ್ನು ಕಾಡಿನಿಂದ ಅಗೆದು ತಂದಿದ್ದರೇ ಎಂದು ಮಾರಿದವರನ್ನು ಕೇಳಿದಿರಾ? ಕೇಳಿರದಿದ್ದರೆ ಅದನ್ನೂ ಬರೆಯಿರಿ.

ಇರುವೆಯ ಪ್ಯಾರಾ ಮುಟ್ಟಬೇಡಿ. ಬೀಜಕ್ಕೆ ಅಂಟಿದ ಜಿಡ್ಡಿನ ತುಣುಕಿನ ಆಸೆಗೆ ಇರುವೆ ಅದನ್ನು ಗೂಡಿಗೆ ಹೊತ್ತು, ತುಣುಕು ತಿಂದು ಬೀಜವನ್ನು ಬಿಟ್ಟುಹೋಗುವುದನ್ನು ಕಣ್ಣಾರೆ ಕಂಡವರಂತೆ ಬರೆದಿದ್ದೀರಿ. 1986ರಲ್ಲಿ ಒಹಾಯೋ ಇದನ್ನು ರಾಜ್ಯದ ಕಾಡುಹೂವೆಂದು ಆರಿಸಿಕೊಂಡ ವಿಷಯಕ್ಕೆ ಒಂದು ಸಾಲು ಸಾಕು. ಗಿಡ ಮೇಯಲು ಬರುವ ಜಿಂಕೆಗಳಿಗೂ ಅಷ್ಟೇ, ಬಲೆ ಕಟ್ಟಿದ್ದನ್ನು ಹೇಳಿ ಮುಂದೆ ಹೋಗಿ.

ಈಗ ಆರನೇ ಪುಟ. 'ಅತ್ತೆಯವರು ಒಮ್ಮೆ ದೇವರಿಗೆಂದು ಕಿತ್ತರು, ಮರುವರ್ಷ ಹೂವಾಗಲಿಲ್ಲ.' ಇಷ್ಟು ಹೇಳಿ ಎಲೆಗೊಬ್ಬರಕ್ಕೆ ಹಾರಿಬಿಟ್ಟಿರಿ. ಅಯ್ಯೋ, ಲೇಖನ ಇರುವುದೇ ಅಲ್ಲಿ! ಶಿವಮೊಗ್ಗದ ಮನೆಯಲ್ಲಿ ಕಿತ್ತಷ್ಟೂ ಬಿಡುವ ದಾಸವಾಳಕ್ಕೆ ಪಳಗಿದ ಕೈ ಅವರದು. ಸ್ನಾನ ಮುಗಿಸಿ ಬಂದವರು ಬುಟ್ಟಿಗೆ ಚೆಂದ ಕಾಣಲೆಂದು ಎಲೆಸಮೇತ ಚಿವುಟಿದ್ದಾರೆ. ಟ್ರಿಲಿಯಂಗೆ ಒಂದು ದಂಟಿಗೆ ಇರುವುದು ಮೂರೇ ಎಲೆ, ಗೆಡ್ಡೆಗೆ ವರ್ಷದ ಊಟವೆಲ್ಲ ಅವುಗಳಿಂದಲೇ ಬರಬೇಕು. ಎಲೆಯ ಮೇಲಿಂದ ಹೂವನ್ನಷ್ಟೇ ಕಿತ್ತಿದ್ದರೆ ಗಿಡ ತಡೆದುಕೊಳ್ಳುತ್ತಿತ್ತು. ಎಲೆಯೂ ಹೋದರೆ ಸುಧಾರಿಸಿಕೊಳ್ಳಲು ವರ್ಷಗಳು ಬೇಕು, ಕೆಲವು ಸುಧಾರಿಸುವುದೇ ಇಲ್ಲ.

ಆ ಬೆಳಗ್ಗೆ ನೀವು ಅವರಿಗೆ ಏನಂದಿರಿ? ಅಥವಾ ಏನೂ ಅನ್ನದೆ ಕಾಫಿ ಬೆರೆಸಿದಿರಾ? ಗಿಡ ಸೊರಗಿದ್ದು ಅವರಿಗೆ ಗೊತ್ತೇ, ಇಲ್ಲ ಆರು ತಿಂಗಳು ಮುಗಿಸಿ ವಿಮಾನ ಹತ್ತಿಬಿಟ್ಟರೇ? ಲೇಖನವನ್ನು ಅಲ್ಲಿಂದ ಶುರುಮಾಡಿ, ಎಂಟು ಪುಟ ಬೇಡ, ನಾಲ್ಕರಲ್ಲಿ ಮುಗಿಸಿ. ಅತ್ತೆಯವರನ್ನು ಕೆಟ್ಟವರಾಗಿಸಬೇಡಿ, ಅವರು ಓದುವುದು ಖಂಡಿತ.

ಇನ್ನೊಂದು, ನೀವು ಕಳಿಸಿದ ಮೂರನೇ ಫೋಟೋದಲ್ಲಿರುವುದು ಟ್ರಿಲಿಯಂ ಅಲ್ಲ. ಕೊಡೆಯಂಥ ಎರಡು ಎಲೆ, ಅವುಗಳ ಕವಲಲ್ಲಿ ತಲೆತಗ್ಗಿಸಿದ ಒಂದು ಬಿಳಿ ಹೂವು. ಅದು ಮೇ ಆಪಲ್. ಬೇರೆ ಫೋಟೋ ಕಳಿಸಿ.