ಹಳೇ ಮಷೀನ್ ಕಥೆ ಓದೋಕೆ 20 ಲಕ್ಷ ಸಾಲವಾ?

ಪ್ರಶ್ನೆ: ನನಗೆ 23. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಆದರೆ ತಂತ್ರಜ್ಞಾನದ ಇತಿಹಾಸ ಓದುವ ಆಸೆ. ಇಂಗ್ಲೆಂಡಿನಲ್ಲಿ ಎಂ.ಎ. ಸೀಟೂ ಬಂದಿದೆ. ಅಪ್ಪ ಶಿವನಸಮುದ್ರ ಪವರ್‌ಹೌಸ್‌ನಲ್ಲಿ ಆಪರೇಟರ್ ಆಗಿದ್ದವರು. ಸದ್ದು ಕೇಳಿಯೇ ಯಾವ ಟರ್ಬೈನ್ ಸರಿಯಿಲ್ಲ ಅಂತ ಹೇಳುತ್ತಿದ್ದರು. ಈಗ "ಹಳೇ ಮಷೀನ್ ಕಥೆ ಓದೋಕೆ 20 ಲಕ್ಷ ಸಾಲವಾ?" ಎಂದು ಮಾತು ಬಿಟ್ಟಿದ್ದಾರೆ.
– ಮಳವಳ್ಳಿಯ ಮಗಳು

ಉತ್ತರ: ಸಾಲದ ವಿಷಯದಲ್ಲಿ ನಾನು ನಿಮ್ಮಪ್ಪನ ಕಡೆ. ಬೇಜಾರಾಗಬೇಡಿ. ಪಾಠ ಹೇಳುವುದು, ಮ್ಯೂಸಿಯಂ, ದಾಖಲೆ ಸಂಗ್ರಹ, ಬರವಣಿಗೆ – ಈ ಓದಿಗೆ ಸಿಗುವ ಕೆಲಸಗಳೇ ಕಡಿಮೆ. ಅದರಲ್ಲಿ 20 ಲಕ್ಷದ ಕಂತು ಕಟ್ಟುವುದು ಕಷ್ಟ.

ಓದಿನ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ಸರಿಯಲ್ಲ. ಅವರದೇ ಪವರ್‌ಹೌಸ್ ತಗೊಳ್ಳಿ. 1902ರಲ್ಲಿ ಅಲ್ಲಿನ ಕರೆಂಟು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಕಾಲಕ್ಕೆ ಅಷ್ಟು ಕರೆಂಟನ್ನು ದುಡ್ಡು ಕೊಟ್ಟು ಕೊಳ್ಳುವ ಗಿರಾಕಿ ಎಂದರೆ ಗಣಿಯೇ. ತಲೆಯ ಮೇಲೆ ತಂತಿ ಹೋದರೂ ಕೆಳಗಿನ ಹಳ್ಳಿಗಳಲ್ಲಿ ಬುಡ್ಡಿ ದೀಪವೇ ಗತಿ. ಟರ್ಬೈನ್ ಹೇಗೆ ತಿರುಗುತ್ತದೆ ಎಂದು ಕಾಲೇಜಿನಲ್ಲಿ ಕಲಿತಿರಿ. ಯಾರಿಗಾಗಿ ತಿರುಗಿತು ಎಂದು ಕೇಳುವುದು ಈ ಓದು.

ಸದ್ಯಕ್ಕೆ ಕೆಲಸಕ್ಕೆ ಸೇರಿಕೊಳ್ಳಿ. ಸೀಟು ಮುಂದೂಡಬಹುದಾ ಅಂತ ಬರೆದು ಕೇಳಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು. ಪೈಪೋಟಿ ಜಾಸ್ತಿ, ಸಿಕ್ಕರೆ ಸಾಲದ ಮಾತೇ ಇಲ್ಲ. ಅಷ್ಟರಲ್ಲಿ ಒಂದೆರಡು ದಿನ ರಜೆ ಹಾಕಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸಂಸ್ಥಾನದ ಹಳೇ ಕಡತಗಳು ಅಲ್ಲಿವೆ. ನಾಲ್ಕು ಗಂಟೆ ಹಾಳೆ ತಿರುವಿದ ಮೇಲೂ ಇನ್ನೊಂದು ಕಟ್ಟು ಬೇಕು ಅನಿಸುತ್ತಾ, ಇಲ್ಲ ಆಕಳಿಕೆ ಬರುತ್ತಾ, ನೋಡಿಕೊಳ್ಳಿ.

ಇನ್ನು ಅಪ್ಪ. ಸಾಲದ ಮಾತು ಎತ್ತಲೇಬೇಡಿ. ಆ ಸದ್ದಿನ ವಿಷಯ ಕೇಳಿ. ಕೆಟ್ಟ ಬೇರಿಂಗು ಹೇಗೆ ಕೂಗುತ್ತಿತ್ತು? ರಾತ್ರಿ ಪಾಳಿಯಲ್ಲಿ ಲಾಗ್‌ಬುಕ್ಕಿನಲ್ಲಿ ಏನು ಬರೆಯುತ್ತಿದ್ದರು, ಯಾವುದನ್ನು ಬೇಕೆಂದೇ ಬಿಡುತ್ತಿದ್ದರು? ಬಿಟ್ಟದ್ದು ಯಾವ ಕಡತದಲ್ಲೂ ಸಿಗುವುದಿಲ್ಲ, ಅಲ್ವಾ? ಮೊದಲ ದಿನ "ಅದೆಲ್ಲ ಕಟ್ಕೊಂಡು ಏನ್ ಮಾಡ್ತೀಯ" ಅಂತ ಎದ್ದು ಹೋಗಬಹುದು. ಮಾರನೇ ದಿನ ಕಾಫಿ ಲೋಟದ ಪಕ್ಕ ಸುಮ್ನೆ ಒಂದು ಪೆನ್ನು, ಪೇಪರು ಇಟ್ಟುಬಿಡಿ. ನಾನು ಕಂಡ ಹಳೇ ಆಪರೇಟರುಗಳಿಗೆಲ್ಲ ಚಿತ್ರ ಬರೆಯದೆ ಮಾತಾಡಲು ಬರುತ್ತಿರಲಿಲ್ಲ.