ಅಡ್ಡಹೆಸರು ಇಟ್ಟವನು ನಾನೇ

ಹೈಸ್ಕೂಲಿಗೆ ಪಾಠ ಮಾಡಲು ಹೊಸದಾಗಿ ಸೇರಿದ್ದೀರಿ. ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳು ಭಾಷೆ, ಜಾತಿ, ನಡೆಯುವ ರೀತಿ ಎಲ್ಲ ಹಿಡಿದು ಗೇಲಿ ಮಾಡುತ್ತಾರೆ, ‘ನಾನು ಯಾರು’ ಅನ್ನುವ ಗೊಂದಲದಲ್ಲಿರುವ ಮಗುವಿಗೆ ಮಾಷ್ಟ್ರು ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಕೇರಳದ ಕಾಸರಗೋಡಿನ ಕುಂಬಳೆ ಕಡೆಯ ಕನ್ನಡ ಮೀಡಿಯಂ ಕ್ಲಾಸುಗಳಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವನು. ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ.

ಒಂದು ವರ್ಷ ಕಲೋತ್ಸವದ, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಯ, ಯಕ್ಷಗಾನ ತಂಡದಲ್ಲಿ ಒಂಬತ್ತನೆಯ ಹುಡುಗನೊಬ್ಬನಿಗೆ ಸುಭದ್ರೆಯ ವೇಷ. ಒಳ್ಳೆಯ ಹೆಜ್ಜೆ, ಒಳ್ಳೆಯ ಮಾತು. ಒಂದು ಬೆಳಿಗ್ಗೆ ಹಾಜರಿ ಕರೆಯುವಾಗ ತಮಾಷೆಗೆ ‘ಸುಭದ್ರೆ ಬಂದಳಾ?’ ಅಂದೆ. ಕ್ಲಾಸು ನಕ್ಕಿತು. ಅವನೂ ನಕ್ಕ. ಅವನೂ ನಕ್ಕನಲ್ಲ, ತೊಂದರೆ ಇಲ್ಲ ಅಂದುಕೊಂಡೆ. ವಾರದೊಳಗೆ ಬಸ್ಸಿನಲ್ಲಿ, ಊಟದ ಸಾಲಿನಲ್ಲಿ, ಟಾಯ್ಲೆಟ್ಟಿನ ಗೋಡೆಯ ಮೇಲೆ ಇದ್ದಿಲಿನಲ್ಲಿ, ಎಲ್ಲ ಕಡೆ ಸುಭದ್ರೆ. ಅವನ ದನಿ ಆಗಷ್ಟೇ ಒಡೆಯುತ್ತಿತ್ತು. ಬಾಯಿ ತೆಗೆದರೆ ಹಿಂದಿನ ಬೆಂಚಿನಿಂದ ನಗು. ಹಾಜರಿಗೆ ‘ಪ್ರೆಸೆಂಟ್’ ಅನ್ನುವುದನ್ನೂ ಬಿಟ್ಟ, ಸುಮ್ನೆ ಕೈ ಎತ್ತುತ್ತಿದ್ದ. ಆಮೇಲೆ ಅಭ್ಯಾಸಕ್ಕೂ ಬರಲಿಲ್ಲ.

ನಾನೋ, ಕ್ಲಾಸಿಗೆ ಬಂದು ಚೆನ್ನಾಗಿ ಗದರಿಸಿದೆ. ಅದರಿಂದ ಅವನು ‘ಮಾಷ್ಟ್ರಿಗೆ ಚಾಡಿ ಹೇಳಿದವ’ನೂ ಆದ, ಅಷ್ಟೇ. ಕೊನೆಗೆ ಒಂದು ದಿನ ಅವನನ್ನು ಲ್ಯಾಬಿನ ಹತ್ತಿರ ಕರೆದು, ‘ಇದು ಶುರುವಾದದ್ದು ನನ್ನಿಂದ. ಕ್ಲಾಸಲ್ಲಿ ಹೇಳಲಾ, ಬೇಡವಾ?’ ಅಂತ ಕೇಳಿದೆ. ತುಂಬ ಹೊತ್ತು ನೆಲ ನೋಡಿದ. ಆಮೇಲೆ, ‘ನಿಮ್ಮದು ಹೇಳಿ ಮಾಷ್ಟ್ರೇ, ನನ್ನ ಹೆಸರು ಬೇಡ’ ಅಂದ. ಹಾಗೇ ಮಾಡಿದೆ. ಗೇಲಿ ಒಂದೇ ದಿನಕ್ಕೆ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ವೇಷ ಮಾತ್ರ ಆ ವರ್ಷ ಅವನು ಕಟ್ಟಲೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಗಂಡಸಿನ ಸ್ತ್ರೀವೇಷಕ್ಕೆ ಊರೇ ಚಪ್ಪಾಳೆ ತಟ್ಟುವ ಕಡೆ!

ಹಾಗಾಗಿ ಮಕ್ಕಳ ಬಾಯಿಗಿಂತ ಮೊದಲು ನಮ್ಮ ಬಾಯಿ ನೋಡಿಕೊಳ್ಳಿ ಅನ್ನುತ್ತೇನೆ. ಸ್ಟಾಫ್ ರೂಮಿನದ್ದೂ. 2024ರ ಜೂನ್‌ನಲ್ಲಿ ಕೇರಳ ಸರಕಾರ ಪರಿಶಿಷ್ಟ ಜಾತಿ, ಪಂಗಡದವರ ವಸತಿಗಳಿಗೆ ‘ಕಾಲನಿ’ ಅನ್ನುವ ಪದವನ್ನೇ ಬಿಡಬೇಕು ಅಂತ ಆದೇಶ ಮಾಡಿತು, ಅಲ್ಲಿನವರಿಗೆ ಅದು ಕೀಳರಿಮೆ ತರುತ್ತದೆ ಅಂತ. ನಮ್ಮ ಚಹಾದ ಹೊತ್ತಿನಲ್ಲಿ ‘ಅವ ಕಾಲನಿಯವ, ಅಷ್ಟೇ ಓದುವುದು’ ಅನ್ನುವುದು ನಿಂತಿದೆಯಾ? ಲಂಪ್‌ಸಮ್ ಗ್ರಾಂಟ್ (ಈ ಮಕ್ಕಳಿಗೆ ಸರಕಾರ ಒಟ್ಟಿಗೆ ಕೊಡುವ ಹಣ) ಬಂದಾಗ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಅನ್ನುವುದೂ ಹಾಗೇ. ಬುಡಕಟ್ಟಿನವರಾದ ಕೊರಗರ ಮನೆಯ ಮಗುವೊಂದು ನಲವತ್ತು ಜನರ ಎದುರು ಎದ್ದು ನಿಲ್ಲುವುದನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಹಾಗೆ ಕರೆಯಲು ಮನಸ್ಸು ಬಾರದು. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದರೆ ಆಗುತ್ತದಲ್ವಾ?

1995ರಲ್ಲಿ ಅಮೆರಿಕದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ ಒಂದು ಪ್ರಯೋಗ ಮಾಡಿದರು. ‘ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ’ ಅಂದಾಗ ಕಪ್ಪು ವಿದ್ಯಾರ್ಥಿಗಳ ಅಂಕ ಇಳಿಯಿತು. ಅದೇ ಪ್ರಶ್ನೆಗಳನ್ನು ಹಾಗೆ ಹೇಳದೆ ಕೊಟ್ಟಾಗ ಉತ್ತಮವಾಗಿ ಬರೆದರು. ತಮ್ಮವರ ಬಗ್ಗೆ ಇರುವ ಕೀಳು ಮಾತು ತಮ್ಮಿಂದ ನಿಜವಾದೀತು ಅನ್ನುವ ಅಳುಕೇ ಕಾರಣ ಅಂತ ಅವರ ವಿವರಣೆ. ಪರೀಕ್ಷೆಗೆ ಮೊದಲು ‘ಹುಡುಗಿಯರಿಗೆ ಲೆಕ್ಕ ಕಷ್ಟ’ ಅನ್ನುವವರು ಇದನ್ನು ಓದಬೇಕು.

ಇನ್ನು ಭಾಷೆ. ನಮ್ಮ ಗಡಿಯ ಕಥೆ ನಿಮಗೆ ಗೊತ್ತೇ ಇದೆ. 1956ರ ನವೆಂಬರ್ 1ಕ್ಕೆ ನಾವು ಕೇರಳ ಆದೆವು. ಈಗಿನ ಮಗು ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಕ್ಲಾಸಿನಲ್ಲಿ ಕನ್ನಡ, ಪಂಚಾಯತು ಆಫೀಸಿನಲ್ಲಿ ಮಲಯಾಳ. ಒಮ್ಮೆ ಫಾರ್ಮ್ ತುಂಬಿಸುವಾಗ ಒಬ್ಬಳು ಪೆನ್ನು ಕಚ್ಚಿಕೊಂಡು, ‘ಮಾತೃಭಾಷೆ ಅಂದರೆ ಅಮ್ಮನದ್ದಾ ಮಾಷ್ಟ್ರೇ, ಶಾಲೆಯದ್ದಾ?’ ಅಂತ ಕೇಳಿದಳು. ನಾವು ಕನ್ನಡದ ಮಾಷ್ಟ್ರುಗಳು ಇಲ್ಲಿ ಪೂರ್ತಿ ಪ್ರಾಮಾಣಿಕರಲ್ಲ. ಮಕ್ಕಳ ಸಂಖ್ಯೆ ಇಳಿದು ಕನ್ನಡದ ಡಿವಿಷನ್ ಹೋಗದೆ ಉಳಿಯಬೇಕಲ್ಲ, ‘ಕನ್ನಡ ಅಂತ ಬರಿ’ ಅನ್ನುವುದು ರೂಢಿ. ಆ ದಿನ ನಾನು ‘ಅಮ್ಮನದ್ದೇ ಬರಿ’ ಅಂದೆ. ಕನ್ನಡ ಉಳಿಸುವ ಕೆಲಸ ದೊಡ್ಡವರದ್ದು, ಅದನ್ನು ಹದಿಮೂರರ ಹುಡುಗಿಯ ತಲೆಗೆ ಕಟ್ಟಬಾರದು. ‘ನೀನು ಕನ್ನಡವಾ ಮಲಯಾಳವಾ’ ಅನ್ನುವ ಪ್ರಶ್ನೆಯೂ ಬೇಡ.

ಯಾರಾದರೂ ಬಂದು ‘ನಾನು ಹುಡುಗ ಅಂತ ನನಗೆ ಅನಿಸುವುದಿಲ್ಲ’ ಅಂದರೆ ಗಾಬರಿಯಾಗಬೇಡಿ. ಬುದ್ಧಿವಾದವನ್ನೂ ಹೇಳಬೇಡಿ. ಲಿಂಗ ಗುರುತು ವ್ಯಕ್ತಿ ತಾನೇ ಹೇಳಿಕೊಳ್ಳುವಂಥದ್ದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮಗುವನ್ನು ಕೇಳದೆ ಮನೆಗೆ ಫೋನ್ ಮಾಡಬೇಡಿ, ಅಲ್ಲಿ ಏಟು ಬೀಳಬಹುದು. ಆದರೆ ‘ಯಾರಿಗೂ ಹೇಳುವುದಿಲ್ಲ’ ಅಂತ ಆಣೆಯನ್ನೂ ಹಾಕಬೇಡಿ. ಲೈಂಗಿಕ ಕಿರುಕುಳದ ವಿಷಯ ಬಂದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಅದನ್ನು ಮೊದಲೇ ಹೇಳಿ. ಶಾಲೆಗೆ ಕೌನ್ಸಿಲರ್ ಬರುತ್ತಿದ್ದರೆ ಅವರನ್ನು ಸೇರಿಸಿಕೊಳ್ಳಿ.

ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ. ಈ ನಂಬರುಗಳನ್ನು ನೋಟೀಸ್ ಬೋರ್ಡಿಗೆ ಹಾಕಿದರೆ ಪ್ರಯೋಜನ ಇಲ್ಲ, ಎಲ್ಲರ ಎದುರು ನಿಂತು ಬರೆದುಕೊಳ್ಳುವ ಧೈರ್ಯ ಯಾವ ಮಗುವಿಗಿದೆ? ನಾವು ಟಾಯ್ಲೆಟ್ಟಿನ ಆ ಗೋಡೆಗೆ ಸುಣ್ಣ ಹೊಡೆಸಿ, ಸುಭದ್ರೆ ಅಂತ ಬರೆದಿದ್ದ ಜಾಗದಲ್ಲೇ ಅಂಟಿಸಿದೆವು.