ಮಲ್ಪೆ ಧಕ್ಕೆಯ ಐನೂರು ಪಟ, ಹೋಮೈ ಅವರ ಒಂದು ಬಲ್ಬು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹೋಮೈ ವ್ಯಾರಾವಾಲಾ ಅವರನ್ನು ದಾಖಲೆ (ಡಾಕ್ಯುಮೆಂಟರಿ) ಛಾಯಾಗ್ರಾಹಕಿ ಎಂದು ಬರೆದಿದ್ದೀರಿ. ಪ್ರಧಾನಿ, ರಾಣಿ, ರಾಯಭಾರಿಗಳ ಸಮಾರಂಭಕ್ಕೆ ಹೋಗುತ್ತಿದ್ದವರು ಬರೀ ಪ್ರೆಸ್ ಫೋಟೊಗ್ರಾಫರ್ ಅಲ್ಲವೇ? ಅವರು ಒಂದು ಸಂದರ್ಭಕ್ಕೆ ತೆಗೆಯುತ್ತಿದ್ದುದು ಒಂದೆರಡೇ ಪಟ ಎಂಬುದೂ ಉತ್ಪ್ರೇಕ್ಷೆ ಅನಿಸಿತು. ನಾನು ಮಲ್ಪೆ ಧಕ್ಕೆಯಲ್ಲಿ ಮೀನಿನ ಹೆಂಗಸರ ಪಟ ತೆಗೆಯುತ್ತಿದ್ದೇನೆ. ಒಂದು ಬೆಳಿಗ್ಗೆ ಐನೂರು ತೆಗೆದರೂ ಒಂದೂ ನಿಲ್ಲುವುದಿಲ್ಲ. ಎಲ್ಲಿ ತಪ್ಪುತ್ತಿದೆ? – ಒಬ್ಬ ಓದುಗ, ಮಲ್ಪೆ

ಸಂಪಾದಕರ ಉತ್ತರ:

ನಿಮ್ಮ ಮೊದಲ ತಕರಾರಿನಲ್ಲಿ ಹುರುಳಿದೆ. ಹೋಮೈ ಹೊಟ್ಟೆಪಾಡಿಗೆ ಮಾಡಿದ್ದು ಪ್ರೆಸ್ ಕೆಲಸವೇ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಮುಂದೆ ಪತಿಯಾದ ಮಾಣೆಕ್‌ಷಾ ಅವರಿಂದ ಕ್ಯಾಮೆರಾ ಕಲಿತವರು. ಆರಂಭದ ಎಷ್ಟೋ ಚಿತ್ರ ಗಂಡನ ಹೆಸರಿನಲ್ಲಿ ಅಚ್ಚಾದವು. 1942ರಲ್ಲಿ ಬ್ರಿಟಿಷ್ ಮಾಹಿತಿ ಸೇವೆಯ ಕೆಲಸಕ್ಕೆ ದಿಲ್ಲಿಗೆ ಹೋದರು, 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಆದರೆ 1947ರ ಜೂನ್‌ನಲ್ಲಿ ದೇಶ ವಿಭಜನೆಗೆ ಒಪ್ಪಿ ಕಾಂಗ್ರೆಸ್ಸಿಗರು ಕೈ ಎತ್ತಿದ ಸಭೆಯ ಚಿತ್ರ, ಗಾಂಧೀಜಿಯ ಅಂತ್ಯಕ್ರಿಯೆ, ಪಾಲಂ ವಿಮಾನ ನಿಲ್ದಾಣದಲ್ಲಿ ‘ಛಾಯಾಗ್ರಹಣ ಕಟ್ಟುನಿಟ್ಟಾಗಿ ನಿಷೇಧ’ ಎಂಬ ಫಲಕದ ಪಕ್ಕವೇ ನಿಂತ ನೆಹರೂ – ಇವನ್ನು ಮರುದಿನದ ಪತ್ರಿಕೆಯ ಜತೆ ರದ್ದಿಗೆ ಹಾಕಲಾಗುತ್ತದೆಯೇ? ದಿಲ್ಲಿಗೆ ಹೋಗುವ ಮುಂಚೆ ಮುಂಬೈಯಲ್ಲಿ ಸಹಪಾಠಿ ಹುಡುಗಿಯರನ್ನೂ ಯುದ್ಧಕಾಲದ ಊರನ್ನೂ ತೆಗೆದ ಚಿತ್ರಗಳಂತೂ ಯಾವ ಅಳತೆಯಲ್ಲೂ ದಾಖಲೆಯೇ. 1943ರ ಬಂಗಾಳದ ಕ್ಷಾಮವನ್ನು ಸೆರೆಹಿಡಿದ ಸುನಿಲ್ ಜಾನಾ ಅವರದೂ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯ ಕೆಲಸ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಕೂಡ ಪತ್ರಿಕೆಗಳಿಗೆ ದುಡಿದೇ ಜನಸಾಮಾನ್ಯರ ಬದುಕನ್ನು ಉಳಿಸಿದವರು. ಸಂಬಳ ಯಾರು ಕೊಟ್ಟರು ಎನ್ನುವುದರಿಂದ ಇದು ತೀರ್ಮಾನವಾಗದು.

ಎರಡನೆಯದನ್ನು ನಾವು ಒಪ್ಪುವುದಿಲ್ಲ. ಅವರ ಕೈಯಲ್ಲಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೇಗೆ ನಡೆಯುತ್ತಿತ್ತು ನೋಡಿ. ಚರ್ಮ ಹೊದಿಸಿದ ಪೆಟ್ಟಿಗೆ, ಮುಂದೆ ಹಿಗ್ಗಿ ಕುಗ್ಗುವ ಮಡಿಕೆಯ ಬೆಲ್ಲೋಸ್, ಪಕ್ಕದಲ್ಲಿ ಬ್ಯಾಟರಿ ತುಂಬಿದ ಫ್ಲ್ಯಾಶ್ ಹಿಡಿ. ಫಿಲ್ಮು ಸುರುಳಿಯಲ್ಲಿ ಬರುವುದಲ್ಲ, ಬಿಡಿ ಹಾಳೆ. ಒಂದು ಹೋಲ್ಡರಿಗೆ ಎರಡು ಮಗ್ಗುಲು, ಮಗ್ಗುಲಿಗೊಂದು ಹಾಳೆ, ಅದನ್ನೂ ಕತ್ತಲೆ ಕೋಣೆಯಲ್ಲಿ ಕೈ ಅಂದಾಜಿನಲ್ಲೇ ತುಂಬಿ ತರಬೇಕು. ಸ್ಥಳದಲ್ಲಿ ಹೋಲ್ಡರ್ ಹಿಂದಕ್ಕೆ ತೂರಿಸಿ, ದೂರ ಹೊಂದಿಸಿ, ಶಟರ್ ಎಳೆದು ಸಜ್ಜು ಮಾಡಿ, ಒಂದೇ ಸಲ ಉರಿಯುವ ಫ್ಲ್ಯಾಶ್ ಬಲ್ಬು ಹೊಸದು ಸಿಕ್ಕಿಸಿ, ಫಿಲ್ಮಿನ ಮುಂದಿನ ತಗಡು ಎಳೆದ ಮೇಲೇ ಗುಂಡಿ ಒತ್ತುವುದು. ಆಮೇಲೆ ತಗಡನ್ನು ಕಪ್ಪಂಚು ಹೊರಗೆ ಕಾಣುವಂತೆ ತಿರುಗಿಸಿ ಹಾಕಬೇಕು, ಈ ಹಾಳೆ ಮುಗಿಯಿತು ಎನ್ನುವುದಕ್ಕೆ ಅದೊಂದೇ ಗುರುತು. ಹೋಲ್ಡರ್ ಮಗುಚಬೇಕು, ಸುಡುವ ಬಲ್ಬು ಕೀಳಬೇಕು. ತಗಡು ಎಳೆಯಲು ಮರೆತರೆ ಹಾಳೆ ಖಾಲಿ. ಹೋಲ್ಡರ್ ಮಗುಚಲು ಮರೆತರೆ ಒಂದರ ಮೇಲೊಂದು ಎರಡು ಚಿತ್ರ. ಇನ್ನು ಬಲ್ಬು: ಅದು ಪೂರ್ತಿ ಉರಿಯಲು ಸುಮಾರು 20 ಮಿಲಿಸೆಕೆಂಡು ಬೇಕು, ಶಟರ್ ಅದಕ್ಕೂ ಮೊದಲೇ ಮುಚ್ಚಿಕೊಂಡರೆ ಚಿತ್ರ ಕಪ್ಪು. ಬೆಳಕಿನ ಲೆಕ್ಕ ಬಾಯಿಗಣಿತ. ಬಲ್ಬಿನ ಗೈಡ್ ನಂಬರ್, ಅಂದರೆ ಅದರ ಬೆಳಕಿನ ಬಲ ಹೇಳುವ ಸಂಖ್ಯೆ, 160 ಇದ್ದರೆ ಅದನ್ನು ಅಡಿ ಲೆಕ್ಕದ ದೂರದಿಂದ ಭಾಗಿಸಿದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂಬ ಎಫ್ ಅಂಕಿ ಸಿಗುತ್ತದೆ: 10 ಅಡಿಗೆ ಎಫ್ 16, 20 ಅಡಿಗೆ ಎಫ್ 8. ಎರಡನೇ ಅವಕಾಶ ಬರುವಷ್ಟರಲ್ಲಿ ಅತಿಥಿ ಕಾರು ಹತ್ತಿಯಾಗಿರುತ್ತಿತ್ತು. ಅವರಲ್ಲಿದ್ದ ಇನ್ನೊಂದು ಕ್ಯಾಮೆರಾ ರೋಲಿಫ್ಲೆಕ್ಸ್, ಅದರ ರೋಲಿಗೆ 12 ಚಿತ್ರ. ಸೊಂಟದ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡುವುದರಿಂದ ಎದುರಿನವರ ಮುಖಕ್ಕೆ ಅಡ್ಡ ಬರುವುದಿಲ್ಲ, ಸದ್ದೂ ಕಡಿಮೆ.

ಅಂದರೆ ಎಲ್ಲಿ ನಿಲ್ಲಬೇಕು, ಎಷ್ಟು ದೂರ, ಎಷ್ಟು ಬೆಳಕು ಎಂಬ ಮೂರೂ ಗುಂಡಿ ಒತ್ತುವ ಮೊದಲೇ ತೀರ್ಮಾನವಾಗಿರುತ್ತಿದ್ದವು. ನಿಮ್ಮ ಐನೂರರಲ್ಲಿ ತಪ್ಪುತ್ತಿರುವುದು ಇದೇ ಎಂದು ನಮ್ಮ ಅನಿಸಿಕೆ. ಧಕ್ಕೆಯಲ್ಲಿ ಬೋಟಿನಿಂದ ಬೋಟಿಗೆ ಓಡಬೇಡಿ. ಏಲಂ ಕೂಗುವ ಜಾಗವೋ ಐಸ್ ಒಡೆಯುವ ಮೂಲೆಯೋ ಒಂದನ್ನು ಹಿಡಿದು, ಬೆಳಕು ಎತ್ತಣಿಂದ ಬರುತ್ತದೆ ಎಂದು ನೋಡಿ ನಿಲ್ಲಿ. 35 ಮಿ.ಮೀ. ಲೆನ್ಸ್ ಸಾಕು. ಎಫ್ 5.6 ಇಟ್ಟು ಎರಡು ಮೀಟರಿಗೆ ಕೈಯಲ್ಲೇ ಫೋಕಸ್ ಮಾಡಿಟ್ಟುಕೊಳ್ಳಿ. ಸೂರ್ಯ ಬರುವ ಮುಂಚೆ ಎಲ್‌ಇಡಿ ದೀಪದಡಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಪಟದ ಮೇಲೆ ಅಡ್ಡ ಪಟ್ಟಿ ಬೀಳಬಹುದು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಆದ್ದರಿಂದ ಮೆಕ್ಯಾನಿಕಲ್ ಶಟರಿನಲ್ಲಿ 1/100 ಸೆಕೆಂಡು ಇಡಿ. ಬುಟ್ಟಿ ಎತ್ತುವ ಕೈ ಸ್ವಲ್ಪ ಕದಡುತ್ತದೆ, ಕದಡಲಿ. ಬಿಸಿಲು ಬಂದ ಮೇಲೆ ಬೂತಾಯಿ ಮೀನಿನ ಹೊಳಪು, ಐಸು, ಒದ್ದೆ ನೆಲ ಮೂರೂ ಸೇರಿ ಬಿಳಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿಬಿಡಿ. ಬೆಳಿಗ್ಗೆಗೆ ಹನ್ನೆರಡೇ ಪಟ, ಹಿಂದಿನ ಸ್ಕ್ರೀನ್ ಬಂದ್. ಮೊದಲ ವಾರ ಕೈ ಕಟ್ಟಿದಂತೆ ಅನಿಸುವುದು ಖಂಡಿತ. ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಪಟ ತೆಗೆಯುವವರೂ ರಜೆ ಹಾಕುತ್ತಾರೆ, ಅದಕ್ಕೇ ಬಲೆ ರಿಪೇರಿಯ ಒಳ್ಳೆಯ ಚಿತ್ರಗಳು ಅಷ್ಟು ವಿರಳ.

ಇನ್ನು ಅಡಿಬರಹ. ನೀವು ಪತ್ರದ ಜತೆ ಕಳುಹಿಸಿದ ಮೂರು ಚಿತ್ರಗಳಿಗೂ ‘ಮೀನು ಮಾರುವ ಮಹಿಳೆ, ಮಲ್ಪೆ’ ಎಂದಷ್ಟೇ ಇದೆ. ಇಪ್ಪತ್ತು ವರ್ಷದ ಮೇಲೆ ಇದರಿಂದ ಯಾರಿಗೆ ಏನು ಗೊತ್ತಾಗಬೇಕು? ದಿನಾಂಕ, ಗಂಟೆ, ಯಾವ ಮೀನು, ಟ್ರಾಲ್ ಬೋಟಿನದೋ ನಾಡದೋಣಿಯದೋ, ಏಲಂನಲ್ಲಿ ಕೊಂಡದ್ದೋ ದಿನಗೂಲಿಗೆ ಹೊರುತ್ತಿರುವುದೋ, ಇಲ್ಲಿಂದ ಮೀನು ಎಲ್ಲಿಗೆ ಹೋಗುತ್ತದೆ – ಇಷ್ಟನ್ನು ಅಲ್ಲೇ ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರು ಅವರು ಒಪ್ಪಿದರೆ ಮಾತ್ರ, ಅವರು ಹೇಳಿದ ಹಾಗೆಯೇ. ಏಲಂ ನಡೆಯುವಾಗ ಕೇಳಲು ಹೋದರೆ ಬೈಗುಳ ಗ್ಯಾರಂಟಿ, ಚಾ ಕುಡಿಯುವ ಹೊತ್ತು ನೋಡಿ. ಮನೆಗೆ ಬಂದ ದಿನವೇ ಅದನ್ನು ಫೈಲಿನೊಳಗಿನ ಐಪಿಟಿಸಿ ಖಾನೆಗೆ, ಅಂದರೆ ಚಿತ್ರದ ಜತೆಗೇ ಅಡಿಬರಹ ಉಳಿಸುವ ಜಾಗಕ್ಕೆ, ಸೇರಿಸಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಆ ಬರಹ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಉಳಿಯುತ್ತದೆ.

ಕ್ಯಾಮೆರಾದ ಬಗ್ಗೆ ನೀವು ಕೇಳಲಿಲ್ಲ, ಆದರೂ ಕರಾವಳಿಯವರಿಗೆ ಹೇಳದಿದ್ದರೆ ಆಗದು. ಉಪ್ಪುಗಾಳಿಯಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಗಾಜಿಗೆ ಅದೇ ಬಟ್ಟೆ ತಾಗಿಸಬೇಡಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಲೆನ್ಸಿಗೆ ಬೂಸ್ಟು ಹಿಡಿಯದಿದ್ದರೆ ಆಶ್ಚರ್ಯ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು ಶೇ. 40–50ರ ನಡುವೆ ಇರಲಿ. ಸಿಲಿಕಾ ಜೆಲ್‌ನ ನೀಲಿ ಹರಳು ಗುಲಾಬಿಯಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಹಾಕಬಹುದು. ಅಕ್ಕಿ ಹಾಕುವ ಉಪಾಯ ಬೇಡ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ಒಂದು ತಿಂಗಳು ಹೀಗೆ ತೆಗೆದ ಮೇಲೆ ನೀವೇ ಆರಿಸಿದ ಹನ್ನೆರಡು ಚಿತ್ರಗಳನ್ನು, ಉದ್ದದ ಬದಿ 3000 ಪಿಕ್ಸೆಲ್ ಇರುವಂತೆ, ಅಡಿಬರಹದ ಸಮೇತ ನಮಗೆ ಕಳುಹಿಸಿ. ಅಡಿಬರಹ ಇಲ್ಲದ್ದನ್ನು ತೆರೆಯುವುದಿಲ್ಲ.